ಡೊಮ್ಲೆಶ್ಕ್ ಕಣಿವೆಯ ಕೋಟೆಗಳು

ಡೊಮ್ಲೆಶ್ಕ್ ಕಣಿವೆಯ ಕೋಟೆಗಳು ಸ್ವಿಟ್ಜರ್ಲೆಂಡ್ ದೇಶದ ಆಗ್ನೇಯ ಭಾಗದಲ್ಲಿರುವ ಗ್ರೌಬುಂಡೆನ್ ಪ್ರಾಂತ್ಯದ ಮಧ್ಯಯುಗೀನ ಕಟ್ಟಡಗಳು. ಆಲ್ಪ್ಸ್ ಪರ್ವತಗಳ ನಡುವೆ ಹಿಂಟರ್‌ರೈನ್ ನದಿಯ ಬಲದಂಡೆಯಲ್ಲಿ ಹರಡಿರುವ ಈ ಚಿಕ್ಕ ಕಣಿವೆಯಲ್ಲಿ ಒಂದು ದಿನದ ನಡಿಗೆಯೊಳಗೆ ಹತ್ತಕ್ಕೂ ಹೆಚ್ಚು ಕೋಟೆಗಳು ಮತ್ತು ಅವುಗಳ ಅವಶೇಷಗಳು ಕಾಣಸಿಗುತ್ತವೆ. ಯೂರೋಪಿನಲ್ಲಿ ಕೋಟೆಗಳು ಅತ್ಯಂತ ಒತ್ತಾಗಿರುವ ಪ್ರದೇಶಗಳಲ್ಲಿ ಇದೂ ಒಂದೆಂದು ಹೇಳಲಾಗುತ್ತದೆ. ಇವುಗಳಲ್ಲಿ ಕೆಲವು ಪಾಳುಬಿದ್ದಿವೆ, ಕೆಲವು ಇಂದಿಗೂ ವಾಸದ ಮನೆಗಳಾಗಿವೆ. ತುಸಿಸ್ ಪಟ್ಟಣದಿಂದ ರೋಟೆನ್‌ಬ್ರುನೆನ್ ಗ್ರಾಮದವರೆಗೆ ಇವನ್ನು ಜೋಡಿಸುವ ಕಾಲುಹಾದಿಗೆ 'ಬುರ್ಗೆನ್‌ವೇಗ್' ಎಂದರೆ 'ಕೋಟೆಗಳ ಹಾದಿ' ಎಂಬ ಹೆಸರಿದೆ.

'ಕೋಟೆ' ಎಂಬ ಪದವನ್ನು ಇಲ್ಲಿ ಸ್ವಲ್ಪ ಎಚ್ಚರದಿಂದ ಗ್ರಹಿಸಬೇಕು. ಕನ್ನಡದಲ್ಲಿ ಕೋಟೆ ಎಂದೊಡನೆ ಊರನ್ನೇ ಸುತ್ತುವರಿದ ಸುತ್ತುಗೋಡೆ, ಹಲವು ಬಾಗಿಲುಗಳು, ಬತೇರಿಗಳು, ಒಳಗೊಂದು ಪೇಟೆ ಕಣ್ಣಿಗೆ ಬರುತ್ತವೆ. ಜರ್ಮನ್ ಭಾಷೆಯ 'ಬುರ್ಗ್' ಹಾಗಲ್ಲ. ಅದು ಬಹುಮಟ್ಟಿಗೆ ಒಂದು ಶ್ರೀಮಂತ ಕುಟುಂಬದ ಭದ್ರವಾದ ಮನೆ: ಒಂದು ಗೋಪುರ, ಅದಕ್ಕೆ ಅಂಟಿದ ಒಂದು ವಾಸಗೃಹ, ಸುತ್ತ ಒಂದು ಗೋಡೆ. ಹಲವು ಕಡೆ ಅದರ ಇಡೀ ಆವರಣ ನಮ್ಮ ದೊಡ್ಡ ದೇವಾಲಯವೊಂದರ ಪ್ರಾಕಾರಕ್ಕಿಂತ ಚಿಕ್ಕದು.

ಭೌಗೋಳಿಕ ಹಿನ್ನೆಲೆ

ಹಿಂಟರ್‌ರೈನ್ ನದಿಯು ರೈನ್ ನದಿಯ ಎರಡು ಮೂಲಶಾಖೆಗಳಲ್ಲಿ ಒಂದು. ದಕ್ಷಿಣದ ಶಾಮ್ಸ್ ಕಣಿವೆಯಿಂದ ಬರುವ ಈ ನದಿ ವಿಯಾಮಾಲಾ ಎಂಬ ಆಳವಾದ ಕಮರಿಯನ್ನು ಕೊರೆದುಕೊಂಡು ತುಸಿಸ್ ಬಳಿ ಬಯಲಿಗೆ ಬೀಳುತ್ತದೆ. ಅಲ್ಲಿಂದ ಉತ್ತರಕ್ಕೆ ಹರಿದು ರೈಖೆನೌ ಎಂಬಲ್ಲಿ ಮತ್ತೊಂದು ಶಾಖೆಯಾದ ಫೋರ್ಡರ್‌ರೈನನ್ನು ಕೂಡುತ್ತದೆ. ತುಸಿಸ್ ಮತ್ತು ರೋಟೆನ್‌ಬ್ರುನೆನ್ ನಡುವಿನ ಬಯಲಿನ ಪೂರ್ವಭಾಗವೇ ಡೊಮ್ಲೆಶ್ಕ್. ಪಶ್ಚಿಮದ ಇಳಿಜಾರಿಗೆ ಹೈಂಟ್ಸೆನ್‌ಬೆರ್ಗ್ ಎಂದು ಹೆಸರು. ಪೂರ್ವದಿಂದ ಬರುವ ಅಲ್ಬುಲಾ ನದಿ ಸಿಲ್ಸ್ ಮತ್ತು ಫುರ್ಸ್ಟೆನೌ ಗ್ರಾಮಗಳ ನಡುವೆ ಹರಿದು ಹಿಂಟರ್‌ರೈನನ್ನು ಸೇರುತ್ತದೆ.

ಕಣಿವೆಯ ತಳ ಈಗ ಹೊಲ, ಹೆದ್ದಾರಿ ಮತ್ತು ರೈಲುಮಾರ್ಗಗಳಿಂದ ತುಂಬಿದ್ದರೂ ಹತ್ತೊಂಬತ್ತನೆಯ ಶತಮಾನದವರೆಗೆ ಅದು ಜಲ್ಲಿಕಲ್ಲಿನ ಹರವಾಗಿತ್ತು. ತುಸಿಸ್ ಪಕ್ಕದಲ್ಲಿ ಹರಿದುಬರುವ ನೊಲ್ಲಾ ಎಂಬ ತೊರೆ ಮಳೆ ಜೋರಾದಾಗಲೆಲ್ಲ ಹೈಂಟ್ಸೆನ್‌ಬೆರ್ಗ್ ಕಡೆಯ ಸಡಿಲವಾದ ಕಪ್ಪು ಪದರಶಿಲೆಯನ್ನು ಕೆಸರಾಗಿ ಹೊತ್ತುತಂದು ಹಿಂಟರ್‌ರೈನಿಗೆ ಸುರಿಯುತ್ತಿತ್ತು. ನದಿ ತನ್ನ ಪಾತ್ರವನ್ನು ಬಿಟ್ಟು ಬಯಲಿನಲ್ಲೆಲ್ಲ ಅಲೆಯುತ್ತಿತ್ತು. ಎಂಜಿನಿಯರ್ ರಿಚರ್ಡ್ ಲಾ ನಿಕ್ಕಾ (1794–1883) ರೂಪಿಸಿದ ನದಿ ತಿದ್ದುಪಡಿಯ ಕೆಲಸ ನಡೆದ ಮೇಲಷ್ಟೇ ಈ ನೆಲ ಬೇಸಾಯಕ್ಕೆ ದಕ್ಕಿತು. ಹಳೆಯ ಗ್ರಾಮಗಳು, ಚರ್ಚುಗಳು ಮತ್ತು ಕೋಟೆಗಳು ಬಯಲಿನಲ್ಲಿರದೆ ಇಳಿಜಾರಿನ ಮೆಟ್ಟಿಲುಗಳಂಥ ಸಮತಟ್ಟುಗಳ ಮೇಲಿರುವುದಕ್ಕೆ ಶತ್ರುಭಯದಷ್ಟೇ ಈ ಪ್ರವಾಹಭಯವೂ ಕಾರಣ. ದಕ್ಷಿಣದಿಂದ ಬೀಸುವ 'ಫ್ಯೋನ್' ಎಂಬ ಬೆಚ್ಚನೆಯ ಒಣಗಾಳಿಯಿಂದಾಗಿ ಈ ಸಮತಟ್ಟುಗಳಲ್ಲಿ ಸೇಬು, ಪೇರು, ಚೆರ್ರಿ ಹಣ್ಣಿನ ತೋಟಗಳು ಚೆನ್ನಾಗಿ ಬೆಳೆಯುತ್ತವೆ.

ಕಣಿವೆಯ ಹಳೆಯ ಭಾಷೆ ರೋಮಾನ್ಶ್ ಭಾಷೆಯ ಸುತ್‌ಸಿಲ್ವಾನ್ ಉಪಭಾಷೆ. ಈಗ ಇಲ್ಲಿ ಬಹುತೇಕ ಎಲ್ಲರೂ ಜರ್ಮನ್ ಆಡುತ್ತಾರೆ. ಆದರೆ ಹೊಲ, ಬೆಟ್ಟ, ಕೆರೆಗಳ ಹೆಸರುಗಳಲ್ಲಿ ಹಳೆಯ ಭಾಷೆ ಉಳಿದುಕೊಂಡಿದೆ. 'ವಿಯಾಮಾಲಾ' ಎಂದರೆ ಕೆಟ್ಟ ದಾರಿ ಎಂದರ್ಥ.

ಕೋಟೆಗಳು ಇಲ್ಲೇ ಏಕೆ?

ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಯ ಕಡೆಗೆ ಹೋಗುವ ಸ್ಪ್ಲೂಗೆನ್ ಮತ್ತು ಸಾನ್ ಬೆರ್ನಾರ್ಡಿನೋ ಘಟ್ಟದ ದಾರಿಗಳು ಈ ಕಣಿವೆಯ ಮೂಲಕವೇ ಏರುತ್ತಿದ್ದವು. ಹೇರುಕುದುರೆಗಳ ಮೇಲೆ ಸರಕು ಸಾಗುವ ದಾರಿ ಎಂದರೆ ಸುಂಕ, ಕಾವಲು, ತಂಗುವಿಕೆ, ಆದಾಯ. ದಾರಿಯ ಒಡೆತನಕ್ಕಾಗಿ ಪೈಪೋಟಿ ನಡೆಸಿದವರಲ್ಲಿ ಮೊದಲಿಗರು ಕೂರ್ ನಗರದ ಬಿಷಪರು. ಅವರು ಧರ್ಮಾಧಿಕಾರಿಗಳು ಮಾತ್ರವಲ್ಲ, ಭೂಮಿ ಮತ್ತು ನ್ಯಾಯಾಧಿಕಾರ ಹೊಂದಿದ್ದ ಪ್ರಭುಗಳೂ ಆಗಿದ್ದರು. ಅವರ ಜೊತೆಗೂ ಅವರಿಗೆದುರಾಗಿಯೂ ಬೆಳೆದವರು ಫಾಟ್ಸ್ ಮತ್ತು ರೇಟ್ಸುನ್ಸ್ ಮನೆತನಗಳ ಬ್ಯಾರನ್‌ಗಳು. ಇವರ ಕೆಳಗೆ ಸೇವಾವೃತ್ತಿಯಲ್ಲಿದ್ದ ಚಿಕ್ಕ ಶ್ರೀಮಂತ ಕುಟುಂಬಗಳು ಹಲವು. ಪ್ರತಿಯೊಂದು ಕುಟುಂಬವೂ ತನ್ನ ಸ್ಥಾನವನ್ನು ಕಲ್ಲಿನಲ್ಲಿ ತೋರಿಸಿಕೊಳ್ಳಬಯಸಿತು. ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿ ಒಂದರ ಹಿಂದೊಂದು ಗೋಪುರ ಎದ್ದದ್ದು ಈ ಕಾರಣದಿಂದ. ಹಾಗಾಗಿ ಇವೆಲ್ಲವನ್ನೂ ಒಂದೇ ರಕ್ಷಣಾ ಯೋಜನೆಯ ಭಾಗಗಳೆಂದು ತಿಳಿಯುವುದು ಸರಿಯಲ್ಲ. ಇವುಗಳ ಒಡೆಯರು ಎಷ್ಟೋ ಬಾರಿ ಪರಸ್ಪರರ ವಿರುದ್ಧವೇ ಬಾಗಿಲು ಹಾಕಿಕೊಂಡಿದ್ದರು.

ಫಾಟ್ಸ್ ಮನೆತನದ ಡೊನಾಟ್ ಹದಿನಾಲ್ಕನೆಯ ಶತಮಾನದ 30ರ ದಶಕದ ಕೊನೆಯಲ್ಲಿ ಗಂಡುಸಂತಾನವಿಲ್ಲದೆ ತೀರಿಕೊಂಡನು. ಅವನ ಆಸ್ತಿ ಹೆಣ್ಣುಮಕ್ಕಳ ಮೂಲಕ ಹಂಚಿಹೋಗಿ, ಡೊಮ್ಲೆಶ್ಕ್ ಮತ್ತು ಶಾಮ್ಸ್ ಭಾಗದ ಹಕ್ಕುಗಳು ಅಳಿಯನ ಮನೆತನವಾದ ವೆರ್ಡೆನ್‌ಬೆರ್ಗ್-ಸಾರ್ಗಾನ್ಸ್ ಕೌಂಟ್‌ಗಳ ಪಾಲಾದವು. ಮುಂದಿನ ನೂರು ವರ್ಷಗಳ ಕಲಹಕ್ಕೆ ಈ ಉತ್ತರಾಧಿಕಾರವೇ ಬೀಜವಾಯಿತು.

ಹೋಹೆನ್‌ರೇಟಿಯನ್

ಹಾದಿಯ ದಕ್ಷಿಣದ ತುದಿಯಲ್ಲಿ, ವಿಯಾಮಾಲಾ ಕಮರಿಯ ಬಾಯಿಗೆ ಸರಿಯಾಗಿ ಮೇಲೆ, ನದಿಯಿಂದ ಸುಮಾರು 250 ಮೀಟರ್ ಎತ್ತರದ ಬಂಡೆಯ ಮೇಲೆ ಹೋಹೆನ್‌ರೇಟಿಯನ್ ನಿಂತಿದೆ. ಇದಕ್ಕೆ ಹೋಖ್‌ರಿಯಾಲ್ಟ್ ಎಂಬ ಹೆಸರೂ ಉಂಟು. ತುಸಿಸ್ ನಿಲ್ದಾಣದಿಂದಲೇ ಇದರ ಗೋಪುರಗಳು ಕಾಣುತ್ತವೆ. ಆದರೆ ನೇರವಾಗಿ ಏರಲು ದಾರಿಯಿಲ್ಲ. ಬಂಡೆಯ ನದಿ ಕಡೆಯ ಮುಖ ಕಡಿದಾದ ಪ್ರಪಾತ. ಸಿಲ್ಸ್ ಗ್ರಾಮದ ಕಡೆಯಿಂದ ಕಾಡಿನೊಳಗೆ ಸುತ್ತಿಕೊಂಡು ಹತ್ತುವ ಹಾದಿ ಹಿಂಬದಿಯಿಂದ ಒಳಗೆ ಕರೆದೊಯ್ಯುತ್ತದೆ. ಸಾಮಾನ್ಯ ನಡಿಗೆಯವರಿಗೆ ಇದು ಸುಮಾರು ಒಂದು ಗಂಟೆಯ ಏರು.

ಮೇಲೆ ತಲುಪಿದವರಿಗೆ ಮೊದಲು ಕಾಣುವುದು ವಿಶಾಲವಾದ ಹುಲ್ಲಿನ ಬಯಲು. ಅದರ ಅಂಚುಗಳಲ್ಲಿ ಬೇರೆಬೇರೆಯಾಗಿ ನಿಂತ ಗೋಪುರಗಳು, ನಡುವೆ ಸಂತ ಜಾನ್ ಬ್ಯಾಪ್ಟಿಸ್ಟನ ಚರ್ಚು. ಒಂದು ಮನೆತನದ ಕೋಟೆಗೆ ಈ ವಿನ್ಯಾಸ ಹೊಂದುವುದಿಲ್ಲ. ಇಷ್ಟು ದೊಡ್ಡ ಚರ್ಚು ಇಷ್ಟು ಎತ್ತರದಲ್ಲಿ, ಜನವಸತಿಯಿಂದ ಇಷ್ಟು ದೂರದಲ್ಲಿ ಏಕೆ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಉತ್ಖನನ ಉತ್ತರ ನೀಡಿತು. ಈಗಿನ ಚರ್ಚಿನ ಬಳಿಯಲ್ಲಿ ಪ್ರಾಚೀನಯುಗದ ಅಂತ್ಯಕಾಲದ, ಎಂದರೆ ಸುಮಾರು ಕ್ರಿ.ಶ. 500ರ ಆಸುಪಾಸಿನ ದೀಕ್ಷಾಸ್ನಾನದ ಮಂದಿರವೂ ಅದರೊಳಗೆ ನೆಲದಲ್ಲಿ ತೋಡಿದ ಸ್ನಾನದ ತೊಟ್ಟಿಯೂ ಪತ್ತೆಯಾದವು. ಕ್ರೈಸ್ತಧರ್ಮಕ್ಕೆ ಸೇರುವವರು ತೊಟ್ಟಿಯೊಳಗಿಳಿದು ದೀಕ್ಷೆ ಪಡೆಯುತ್ತಿದ್ದ ಕಾಲದ ಕುರುಹು ಇದು. ಗೋಪುರಗಳು ಕಟ್ಟಲ್ಪಡುವುದಕ್ಕೆ ಎಷ್ಟೋ ಶತಮಾನ ಮುಂಚೆಯೇ ಈ ಬಂಡೆ ಸುತ್ತಣ ಕಣಿವೆಗಳ ಜನರ ಧಾರ್ಮಿಕ ಕೇಂದ್ರವಾಗಿತ್ತು. ಕೋಟೆ ಬಂದದ್ದು ಚರ್ಚಿನ ನಂತರ. ಈ ಒಂದು ಸಂಗತಿ ತಿಳಿದಿದ್ದರೆ ಅಲ್ಲಿನ ನೋಟವೇ ಬದಲಾಗುತ್ತದೆ. ತಿಳಿಯದೆ ಹೋದವರು ಗೋಪುರಗಳನ್ನಷ್ಟೇ ನೋಡಿ ಹಿಂದಿರುಗುವುದುಂಟು.

ಹದಿನೈದನೆಯ ಶತಮಾನದಲ್ಲಿ ವಾಸ್ತವ್ಯ ನಿಂತುಹೋಯಿತು. 1480ರಿಂದ ಈ ಸ್ಥಳ ಯೆಕ್ಲಿನ್ ಮನೆತನದ ಒಡೆತನದಲ್ಲಿದೆ.

ಹೋಹೆನ್‌ರೇಟಿಯನ್ ಕುರಿತ ಐತಿಹ್ಯವೊಂದು ಬಹಳ ಪ್ರಸಿದ್ಧ. ಕೂನೋ ಎಂಬ ಕೊನೆಯ ಒಡೆಯ ದಬ್ಬಾಳಿಕೆಗೆ ಹೆಸರಾಗಿದ್ದನಂತೆ. ಹಳ್ಳಿಯ ಹುಡುಗಿಯೊಬ್ಬಳನ್ನು ಎತ್ತಿಕೊಂಡು ಹೋದಾಗ ಜನ ರೊಚ್ಚಿಗೆದ್ದು ಕೋಟೆಗೆ ನುಗ್ಗಿದರಂತೆ. ತಪ್ಪಿಸಿಕೊಳ್ಳಲು ದಾರಿ ಕಾಣದೆ ಅವನು ಕುದುರೆಯೊಂದಿಗೆ ಪ್ರಪಾತಕ್ಕೆ ಜಿಗಿದನಂತೆ. ಕಥೆ ರೋಚಕವಾಗಿದೆ, ಸ್ಥಳವೂ ಅದಕ್ಕೆ ಒಪ್ಪುವಂತಿದೆ. ಆದರೆ ಇದನ್ನು ಇತಿಹಾಸವೆಂದು ಸ್ವೀಕರಿಸಲು ಆಧಾರವಿಲ್ಲ. ಪ್ರಪಾತದ ಅಂಚಿನ ಕೋಟೆ, ಕ್ರೂರಿ ಒಡೆಯ, ಕುದುರೆಯ ಜಿಗಿತ ಎಂಬ ಇದೇ ಎಳೆಗಳಿರುವ ಕಥೆಗಳು ಮಧ್ಯ ಯೂರೋಪಿನ ಬೇರೆ ಕೋಟೆಗಳ ಬಗೆಗೂ ಪ್ರಚಲಿತವಾಗಿವೆ.

ಹಾದಿಯಲ್ಲಿ ಕಾಣುವ ಇತರ ಕೋಟೆಗಳು

ಹೋಹೆನ್‌ರೇಟಿಯನ್‌ನಿಂದ ಸಿಲ್ಸ್ ಕಡೆಗೆ ಇಳಿಯುವಾಗ ಕಾಡಿನ ನಡುವೆ ಎರೆನ್‌ಫೆಲ್ಸ್ ಕೋಟೆ ಸಿಗುತ್ತದೆ. ಪಾಳುಬಿದ್ದಿದ್ದ ಇದನ್ನು 1930ರ ದಶಕದಲ್ಲಿ ಪುನಃ ಕಟ್ಟಿ ಯುವಜನರ ತಂಗುಮನೆಯನ್ನಾಗಿ ಮಾಡಲಾಯಿತು. ಕೋಟೆಗೆ ಹೊಸ ಜೀವ ಬಂತೆಂಬುದು ನಿಜ. ಆದರೆ ಯಾವ ಗೋಡೆ ಹಳೆಯದು, ಯಾವುದು ಇಪ್ಪತ್ತನೆಯ ಶತಮಾನದ್ದು ಎಂದು ಗುರುತಿಸುವುದು ಈಗ ನೋಡುಗರಿಗೆ ಕಷ್ಟ. ಸಂರಕ್ಷಣಾ ತಜ್ಞರು ಇಂಥ ಪುನರ್ನಿರ್ಮಾಣವನ್ನು ಇಂದು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಅಲ್ಬುಲಾ ನದಿ ಕಮರಿಯಿಂದ ಹೊರಬರುವಲ್ಲಿ ಕಾಂಪಿ ಕೋಟೆಯ ಅವಶೇಷವೂ, ಸ್ವಲ್ಪ ಕೆಳಗೆ ಬಾಲ್ಡೆನ್‌ಸ್ಟೈನ್ ಕೋಟೆಯೂ ಇವೆ. ಬಾಲ್ಡೆನ್‌ಸ್ಟೈನ್ ವಾಸದ ಮನೆಯಾಗಿ ಉಳಿದಿದೆ. ನದಿ ದಾಟಿದರೆ ಫುರ್ಸ್ಟೆನೌ. ಹದಿಮೂರನೆಯ ಶತಮಾನದಲ್ಲಿ ಕೂರ್‌ನ ಬಿಷಪರು ಸ್ಥಾಪಿಸಿದ ಈ ನೆಲೆಗೆ 1354ರಲ್ಲಿ ನಾಲ್ಕನೆಯ ಕಾರ್ಲ್ ದೊರೆಯಿಂದ ಪಟ್ಟಣದ ಹಕ್ಕುಗಳು ದೊರೆತವು. ಕೆಲವೇ ಬೀದಿಮನೆಗಳಿರುವ ಇದು ತನ್ನನ್ನು ಜಗತ್ತಿನ ಅತಿ ಚಿಕ್ಕ ಪಟ್ಟಣವೆಂದು ಹೇಳಿಕೊಳ್ಳುತ್ತದೆ. ಇಲ್ಲಿನ ಶೌಎನ್‌ಸ್ಟೈನ್ ಅರಮನೆಯಲ್ಲಿ ಬಾಣಸಿಗ ಆಂಡ್ರೆಯಾಸ್ ಕಾಮಿನಾಡಾ ಅವರ ಪ್ರಸಿದ್ಧ ಭೋಜನಾಲಯವಿದೆ. ಈಚೆಗೆ ಇಲ್ಲಿಗೆ ಬರುವ ಹಲವರು ಬರುವುದು ಕೋಟೆಗಾಗಿ ಅಲ್ಲ, ಊಟಕ್ಕಾಗಿ.

ಮುಂದೆ ಹಣ್ಣಿನ ತೋಟಗಳ ನಡುವೆ ರೀಟ್‌ಬೆರ್ಗ್ ಕೋಟೆಯ ಚೌಕಾಕಾರದ ಗೋಪುರ ಕಾಣಿಸುತ್ತದೆ. ಕಣಿವೆಯ ಇತಿಹಾಸದಲ್ಲಿ ಅತ್ಯಂತ ಕರಾಳವಾದ ಘಟನೆಯೊಂದು ನಡೆದದ್ದು ಇಲ್ಲಿ. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಗ್ರೌಬುಂಡೆನ್ ಪ್ರದೇಶ ಸ್ಪೇನ್-ಆಸ್ಟ್ರಿಯಾ ಪಕ್ಷ ಮತ್ತು ವೆನಿಸ್-ಫ್ರಾನ್ಸ್ ಪಕ್ಷಗಳ ನಡುವೆ ಒಡೆದುಹೋಗಿತ್ತು. ಮೊದಲ ಪಕ್ಷದ ಮುಖಂಡನಾದ ಪೊಂಪೇಯಸ್ ಫಾನ್ ಪ್ಲಾಂಟಾನನ್ನು 1621ರ ಫೆಬ್ರವರಿ 25ರಂದು ಯೋರ್ಗ್ ಯೆನಾಚ್ ಮತ್ತವನ ಸಂಗಡಿಗರು ರೀಟ್‌ಬೆರ್ಗ್‌ಗೆ ನುಗ್ಗಿ ಕೊಡಲಿಯಿಂದ ಕೊಂದರು. ಯೆನಾಚ್ ಸೈನಿಕನಾಗುವುದಕ್ಕೆ ಮೊದಲು ಧರ್ಮಬೋಧಕನಾಗಿದ್ದ. ಸಮೀಪದ ಶಾರಾನ್ಸ್ ಗ್ರಾಮದ ಚರ್ಚಿನಲ್ಲಿಯೂ ಸೇವೆ ಸಲ್ಲಿಸಿದ್ದ. ಹದಿನೆಂಟು ವರ್ಷಗಳ ಬಳಿಕ, 1639ರ ಜನವರಿಯಲ್ಲಿ, ಅವನೂ ಕೂರ್ ನಗರದಲ್ಲಿ ಉತ್ಸವದ ರಾತ್ರಿ ಕೊಲೆಯಾದ. ಅವನನ್ನು ಕೊಂದದ್ದು ಅದೇ ಕೊಡಲಿಯೆಂಬ ಮಾತು ಜನಜನಿತವಾಗಿದೆ, ಆದರೆ ಅದು ಐತಿಹ್ಯ. ಕೊನ್ರಾಡ್ ಫೆರ್ಡಿನಾಂಡ್ ಮೇಯರ್ ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದ 'ಯುರ್ಗ್ ಯೆನಾಚ್' ಕಾದಂಬರಿ ಈ ಪ್ರಸಂಗವನ್ನು ಜರ್ಮನ್ ಓದುಗರಲ್ಲೆಲ್ಲ ಹರಡಿತು. ರೀಟ್‌ಬೆರ್ಗ್ ಖಾಸಗಿ ಆಸ್ತಿ. ಹಾದಿಯಿಂದ ಹೊರನೋಟವಷ್ಟೇ ಸಾಧ್ಯ.

ಪಾಸ್ಪೆಲ್ಸ್ ಗ್ರಾಮದ ಸುತ್ತ ಆಲ್ಟ್-ಸುನ್ಸ್ ಮತ್ತು ನೊಯ್-ಸುನ್ಸ್ ಎಂಬ ಎರಡು ಪಾಳುಕೋಟೆಗಳಿವೆ. 'ಆಲ್ಟ್' ಎಂದರೆ ಹಳೆಯದು, 'ನೊಯ್' ಎಂದರೆ ಹೊಸದು. ಎರಡನೆಯದಕ್ಕೆ ಕನೋವಾ ಎಂಬ ರೋಮಾನ್ಶ್ ಹೆಸರೂ ಇದೆ. ಅದರ ಬಳಿಯ ಚಿಕ್ಕ ಕೆರೆಯಲ್ಲಿ ಬೇಸಿಗೆಯಲ್ಲಿ ಜನ ಈಜುತ್ತಾರೆ. ಅಲ್ಲಿಂದ ಉತ್ತರಕ್ಕೆ ತೋಮಿಲ್ಸ್ ಬಳಿ ಓರ್ಟೆನ್‌ಸ್ಟೈನ್ ಕೋಟೆಯಿದೆ. ಫಾಟ್ಸ್ ಬ್ಯಾರನ್‌ಗಳು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಇದು ಕಣಿವೆಯಲ್ಲಿ ಇಂದಿಗೂ ಪೂರ್ಣರೂಪದಲ್ಲಿರುವ ಕೋಟೆಗಳಲ್ಲಿ ಅತ್ಯಂತ ಗಂಭೀರವಾದದ್ದು. ಇದೂ ಖಾಸಗಿ. ಹಾದಿ ಮುಗಿಯುವ ರೋಟೆನ್‌ಬ್ರುನೆನ್ ಬಳಿಯ ಬಂಡೆಗಳ ಮೇಲೆ ಯುವಾಲ್ಟ್ ಕೋಟೆಯ ಅವಶೇಷಗಳಿವೆ.

ನಾಶದ ಕಾರಣಗಳು

ಸ್ವಾತಂತ್ರ್ಯ ಬಯಸಿದ ರೈತರು ದಬ್ಬಾಳಿಕೆಯ ಒಡೆಯರ ಕೋಟೆಗಳನ್ನು ಸುಟ್ಟು ಕೆಡವಿದರೆಂಬುದು ಸ್ವಿಟ್ಜರ್ಲೆಂಡಿನಾದ್ಯಂತ ಕೇಳಿಬರುವ ವಿವರಣೆ. ಡೊಮ್ಲೆಶ್ಕ್‌ನಲ್ಲಿ ಇದಕ್ಕೆ ಒಂದು ನಿಜವಾದ ಆಧಾರವಿದೆ. ಬಿಷಪರ ಪ್ರಜೆಗಳು 1367ರಲ್ಲಿ ಕಟ್ಟಿಕೊಂಡ 'ದೇವಮಂದಿರ ಒಕ್ಕೂಟ' ಮತ್ತು 1424ರಲ್ಲಿ ರೂಪುಗೊಂಡ 'ಬೂದು ಒಕ್ಕೂಟ'ಗಳಿಂದ ಗ್ರಾಮಸಮುದಾಯಗಳ ಬಲ ಹೆಚ್ಚಿತ್ತು. ತಮ್ಮ ಹಕ್ಕುಗಳು ಕೈಜಾರುವುದನ್ನು ಕಂಡ ವೆರ್ಡೆನ್‌ಬೆರ್ಗ್-ಸಾರ್ಗಾನ್ಸ್ ಕೌಂಟ್‌ಗಳು ಇತರ ಶ್ರೀಮಂತರೊಡನೆ ಸೇರಿ 'ಕಪ್ಪು ಒಕ್ಕೂಟ'ವನ್ನು ರಚಿಸಿದರು. 1451ರಲ್ಲಿ ಹಾನ್ಸ್ ಫಾನ್ ರೆಖ್‌ಬೆರ್ಗ್ ಎಂಬ ಸೇನಾನಿಯ ನೇತೃತ್ವದಲ್ಲಿ ಅವರ ಪಡೆ ಶಾಮ್ಸ್ ಕಣಿವೆಗೆ ನುಗ್ಗಿ ಸೋತಿತು. ಗೆದ್ದವರು ಶಾಮ್ಸ್‌ನ ಬೇರೆನ್‌ಬುರ್ಗ್ ಕೋಟೆಯನ್ನೂ ಡೊಮ್ಲೆಶ್ಕ್‌ನ ಆಲ್ಟ್-ಸುನ್ಸ್, ನೊಯ್-ಸುನ್ಸ್ ಕೋಟೆಗಳನ್ನೂ ಕೆಡವಿದರು. ಇದನ್ನು 'ಶಾಮ್ಸ್ ಕಲಹ' ಎನ್ನುತ್ತಾರೆ. 1458ರಲ್ಲಿ ಶಾಮ್ಸ್‌ನ ಜನ ಹಣ ತೆತ್ತು ತಮ್ಮ ಮೇಲಿನ ಒಡೆತನದ ಹಕ್ಕುಗಳನ್ನು ತಾವೇ ಕೊಂಡುಕೊಂಡರು.

ಆದರೆ ಉಳಿದ ಹೆಚ್ಚಿನ ಕೋಟೆಗಳ ಅಂತ್ಯ ಇಷ್ಟು ನಾಟಕೀಯವಲ್ಲ. ಎತ್ತರದ ಬಂಡೆಯ ಮೇಲಿನ ಮನೆಗೆ ನೀರು, ಸೌದೆ, ಧಾನ್ಯ ಹೊರಿಸುವುದು ದುಬಾರಿ. ಭೂಮಿಯಿಂದ ಬರುವ ಆದಾಯ ಇಳಿದಂತೆ ಚಿಕ್ಕ ಶ್ರೀಮಂತ ಕುಟುಂಬಗಳು ನಶಿಸಿದವು, ಇಲ್ಲವೆ ಗ್ರಾಮಗಳಲ್ಲಿ ಅನುಕೂಲವಾದ ಮನೆ ಕಟ್ಟಿಕೊಂಡು ಇಳಿದುಬಂದವು. ಛಾವಣಿ ದುರಸ್ತಿಯಾಗದೆ ಕುಸಿದ ಮೇಲೆ ಮಳೆ ಮತ್ತು ಹಿಮ ಉಳಿದ ಕೆಲಸ ಮಾಡಿದವು. ಗೋಡೆಯ ಕಲ್ಲುಗಳು ಹಟ್ಟಿಗಳಿಗೂ ಹೊಲದ ಬದುಗಳಿಗೂ ಸಾಗಿದವು.

ಅವಶೇಷಗಳನ್ನು ಗುರುತಿಸುವ ಬಗೆ

ಪಾಳುಕೋಟೆಯೊಂದರ ಗೋಡೆಯಲ್ಲಿ ಅದರ ಹಿಂದಿನ ಬಳಕೆಯ ಬಹಳಷ್ಟು ಗುರುತುಗಳು ಉಳಿದಿರುತ್ತವೆ. ಗೋಪುರದ ಬಾಗಿಲು ನೆಲಮಟ್ಟದಲ್ಲಿರದೆ ಎರಡನೆಯ ಅಥವಾ ಮೂರನೆಯ ಅಂತಸ್ತಿನ ಎತ್ತರದಲ್ಲಿದ್ದರೆ ಅದೇ ಮೂಲ ಪ್ರವೇಶದ್ವಾರ. ಮರದ ಮೆಟ್ಟಿಲು ಅಥವಾ ಏಣಿಯಿಂದ ಅದನ್ನು ತಲುಪುತ್ತಿದ್ದರು. ಈಗ ಕೆಳಗೆ ಕಾಣುವ ಬಾಗಿಲು ಬಹುತೇಕ ನಂತರ ಒಡೆದದ್ದು. ಗೋಡೆಯ ಹೊರಮೈಯಲ್ಲಿ ಸಾಲಾಗಿ, ಕೈಹಿಡಿಯಷ್ಟು ಅಗಲಕ್ಕೆ ಕಾಣುವ ತೂತುಗಳು ಕಟ್ಟುವಾಗ ಅಟ್ಟಣಿಗೆಯ ಮರಗಳನ್ನು ಸಿಕ್ಕಿಸಿದ ಜಾಗಗಳು. ಒಳಮೈಯಲ್ಲಿ ಎದುರುಬದುರಾಗಿರುವ ದೊಡ್ಡ ತೂತುಗಳು ಅಂತಸ್ತಿನ ತೊಲೆಗಳದ್ದು. ಅವನ್ನು ಎಣಿಸಿದರೆ ಎಷ್ಟು ಮಹಡಿಗಳಿದ್ದವೆಂದು ತಿಳಿಯುತ್ತದೆ. ಕೆಲವು ಗೋಡೆಗಳಲ್ಲಿ ಕಲ್ಲುಗಳನ್ನು ಓರೆಯಾಗಿ, ಒಂದು ಸಾಲು ಎಡಕ್ಕೆ ಮುಂದಿನ ಸಾಲು ಬಲಕ್ಕೆ ವಾಲುವಂತೆ ಮೀನಿನ ಮುಳ್ಳಿನ ಮಾದರಿಯಲ್ಲಿ ಜೋಡಿಸಿರುತ್ತಾರೆ. ಇದು ಸಾಮಾನ್ಯವಾಗಿ ಹಳೆಯ ಕಟ್ಟಡದ ಲಕ್ಷಣ. ಮುಚ್ಚಿಹೋಗಿರುವ ದುಂಡನೆಯ ತಗ್ಗು ಕಂಡರೆ ಅದು ಮಳೆನೀರಿನ ತೊಟ್ಟಿ ಆಗಿರಬಹುದು. ಬಂಡೆಯ ಮೇಲಿನ ಕೋಟೆಗೆ ಬಾವಿ ತೋಡುವುದು ಅಪರೂಪ.

ಗೋಡೆಯೊಳಗೆ ಮರದ ತುಂಡು ಉಳಿದಿದ್ದರೆ ಅದರ ವಾರ್ಷಿಕ ವಲಯಗಳನ್ನು ಅಳೆದು ಮರ ಕಡಿದ ವರ್ಷವನ್ನೇ ನಿರ್ಧರಿಸಬಹುದು. ಲಿಖಿತ ದಾಖಲೆಯಲ್ಲಿ ಕೋಟೆಯ ಹೆಸರು ಮೊದಲು ಬರುವ ವರ್ಷ ಅದನ್ನು ಕಟ್ಟಿದ ವರ್ಷವಲ್ಲ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಈ ಎರಡರ ನಡುವೆ ನೂರು ವರ್ಷಗಳ ಅಂತರವೂ ಇರಬಹುದು. ಪ್ರಾಂತ್ಯದ ಕೋಟೆಗಳನ್ನು ಒಟ್ಟಾಗಿ ಅಧ್ಯಯನ ಮಾಡಿದವರಲ್ಲಿ 1930ರ ಸುಮಾರಿಗೆ ಗ್ರಂಥ ಪ್ರಕಟಿಸಿದ ಎರ್ವಿನ್ ಪೋಶೆಲ್, ನಂತರ 1984ರಲ್ಲಿ ಅದೇ ವಿಷಯದ ಬೃಹತ್ ಸಮೀಕ್ಷೆ ಹೊರತಂದ ಓಟ್ಟೊ ಕ್ಲಾವಾಡೆಟ್ಶರ್ ಮತ್ತು ವೆರ್ನರ್ ಮೇಯರ್ ಪ್ರಮುಖರು.

ಸಂರಕ್ಷಣೆ ಮತ್ತು ಪ್ರವೇಶ

ಸ್ವಿಟ್ಜರ್ಲೆಂಡಿನ ನಾಗರಿಕ ಸಂಹಿತೆಯ 699ನೆಯ ವಿಧಿಯು ಕಾಡು ಮತ್ತು ಹುಲ್ಲುಗಾವಲುಗಳಿಗೆ, ಅವು ಖಾಸಗಿಯಾಗಿದ್ದರೂ, ರೂಢಿಯ ಮಿತಿಯಲ್ಲಿ ಎಲ್ಲರಿಗೂ ಪ್ರವೇಶ ನೀಡುತ್ತದೆ. ಕಾಡಿನ ನಡುವಿನ ಪಾಳುಗೋಡೆಗಳ ಬಳಿಗೆ ಯಾರಾದರೂ ಹೋಗಬಹುದಾಗಿರುವುದು ಈ ವಿಧಿಯಿಂದ. ವಾಸವಿರುವ ಕೋಟೆಗಳಿಗೆ ಮತ್ತು ಅವುಗಳ ಅಂಗಳ, ತೋಟಗಳಿಗೆ ಇದು ಅನ್ವಯಿಸದು. ವೈಜ್ಞಾನಿಕ ಮೌಲ್ಯದ ಪುರಾತನ ವಸ್ತು ಸಿಕ್ಕರೆ ಅದು ಪ್ರಾಂತ್ಯದ ಸ್ವತ್ತು; ಲೋಹಶೋಧಕ ಹಿಡಿದು ಅಗೆಯುವುದರಿಂದ ಪುರಾತತ್ವಜ್ಞರಿಗೆ ಅಗತ್ಯವಾದ ಮಣ್ಣಿನ ಪದರಗಳೇ ಹಾಳಾಗುತ್ತವೆ.

ಪಾಳುಗೋಡೆಯನ್ನು ಉಳಿಸುವುದು ನೋಡಿದಷ್ಟು ಸುಲಭವಲ್ಲ. ಗೋಡೆಯ ತಲೆಯೊಳಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲು ಸಡಿಲವಾಗುತ್ತದೆ. ಹಿಂದಿನ ದುರಸ್ತಿಗಳಲ್ಲಿ ಗಟ್ಟಿಯೆಂದು ಬಳಸಿದ ಸಿಮೆಂಟು ನೀರನ್ನು ಒಳಗೇ ಕಟ್ಟಿಹಾಕಿ ಹಾನಿಯನ್ನು ಹೆಚ್ಚಿಸಿದ್ದರಿಂದ ಈಗ ಮತ್ತೆ ಸುಣ್ಣದ ಗಾರೆಗೆ ಮರಳಲಾಗಿದೆ. ಐವಿ ಬಳ್ಳಿ ಗೋಡೆಗೆ ಸೊಬಗು ತಂದರೂ ಅದರ ಬೇರು ಸಂದುಗಳನ್ನು ಬಿರಿಯುತ್ತದೆ. ಗೋಡೆಗಳ ಮೇಲೆ ಹತ್ತಬಾರದೆಂಬ ಫಲಕಗಳು ಸಂದರ್ಶಕರ ಸುರಕ್ಷತೆಗಾಗಿ ಎಷ್ಟೋ ಗೋಡೆಯ ಸುರಕ್ಷತೆಗಾಗಿಯೂ ಅಷ್ಟೇ.

ಹಾದಿ

ಕೂರ್ ನಗರದಿಂದ ತುಸಿಸ್‌ಗೆ ರೇಟಿಯನ್ ರೈಲ್ವೆಯ ಗಾಡಿಯಲ್ಲಿ ಸುಮಾರು ಅರ್ಧ ಗಂಟೆಯ ಪ್ರಯಾಣ. ಈ ಮಾರ್ಗ 1896ರಲ್ಲಿ ಆರಂಭವಾಯಿತು. ತುಸಿಸ್‌ನಿಂದ ಮುಂದಕ್ಕೆ ಸಾಗುವ ಅಲ್ಬುಲಾ ರೈಲುಮಾರ್ಗ 2008ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ರೋಟೆನ್‌ಬ್ರುನೆನ್‌ನಲ್ಲಿಯೂ ನಿಲ್ದಾಣವಿರುವುದರಿಂದ ಹಾದಿಯನ್ನು ಯಾವ ತುದಿಯಿಂದಲಾದರೂ ಆರಂಭಿಸಬಹುದು. ನಡುವಿನ ಗ್ರಾಮಗಳಿಗೆ ಹಳದಿ ಬಣ್ಣದ ಅಂಚೆ ಬಸ್ಸುಗಳು ಓಡುತ್ತವೆ. ಆಯಾಸವಾದವರು ಅರ್ಧದಲ್ಲಿ ಬಿಟ್ಟು ಬಸ್ಸು ಹಿಡಿಯಬಹುದು.

ದೇಶದ ಕಾಲುಹಾದಿಗಳಿಗೆ ಏಕರೂಪದ ಗುರುತುಗಳಿವೆ. ಬರಿಯ ಹಳದಿ ಫಲಕ ಸಾಮಾನ್ಯ ನಡಿಗೆಯ ದಾರಿಯನ್ನು, ಬಿಳಿ-ಕೆಂಪು-ಬಿಳಿ ಪಟ್ಟಿ ಕಡಿದಾದ ಬೆಟ್ಟದ ದಾರಿಯನ್ನು, ಬಿಳಿ-ನೀಲಿ-ಬಿಳಿ ಪಟ್ಟಿ ಅನುಭವಿಗಳಿಗೆ ಮಾತ್ರ ತಕ್ಕದಾದ ಆಲ್ಪೈನ್ ದಾರಿಯನ್ನು ಸೂಚಿಸುತ್ತದೆ. ಫಲಕಗಳ ಮೇಲಿನ ಅಂಕಿ ಕಿಲೋಮೀಟರ್ ಅಲ್ಲ, ನಡೆಯಲು ಬೇಕಾದ ಸಮಯ. ಅದರಲ್ಲಿ ವಿಶ್ರಾಂತಿಯ ಲೆಕ್ಕವಿಲ್ಲ. ಫೋಟೊ ತೆಗೆಯುತ್ತ, ಗೋಡೆಗಳನ್ನು ನೋಡುತ್ತ ಹೋಗುವವರು ಸೂಚಿತ ಸಮಯದ ಒಂದೂವರೆ ಪಟ್ಟು ಇಟ್ಟುಕೊಳ್ಳುವುದು ಒಳ್ಳೆಯದು.

ಸಿಲ್ಸ್ ಮೇಲಿನ ಕಾಡಿನಲ್ಲಿ ಕಾರ್ಶೆನ್ನಾ ಎಂಬಲ್ಲಿ 1965ರಲ್ಲಿ ಪತ್ತೆಯಾದ ಪ್ರಾಗೈತಿಹಾಸಿಕ ಬಂಡೆಗೀರುಗಳಿವೆ. ನಯವಾದ ಬಂಡೆಯ ಮೇಲೆ ಬಟ್ಟಲಿನಂಥ ಗುಳಿಗಳನ್ನೂ ಅವುಗಳ ಸುತ್ತ ಉಂಗುರಗಳನ್ನೂ ಕೊರೆಯಲಾಗಿದೆ. ದಕ್ಷಿಣಕ್ಕೆ ವಿಯಾಮಾಲಾ ಕಡೆ ಮುಂದುವರಿಯುವವರು ಟ್ರಾವೆರ್ಸಿನಾ ಕಾಲುಸೇತುವೆಯನ್ನು ದಾಟುತ್ತಾರೆ. ಎಂಜಿನಿಯರ್ ಯುರ್ಗ್ ಕೊನ್ಸೆಟ್ 1996ರಲ್ಲಿ ಕಟ್ಟಿಸಿದ ಮೊದಲ ಸೇತುವೆ ಮೂರು ವರ್ಷಗಳಲ್ಲಿಯೇ ಬಂಡೆ ಉರುಳಿ ನಾಶವಾಯಿತು. 2005ರಲ್ಲಿ ಬಂದ ಈಗಿನ ಸೇತುವೆ ಕಮರಿಯ ಮೇಲೆ ತೂಗುಬಿಟ್ಟ ಮೆಟ್ಟಿಲಸಾಲು. 56 ಮೀಟರ್ ಉದ್ದದ ಅದರ ಎರಡು ತುದಿಗಳ ನಡುವೆ 22 ಮೀಟರ್ ಎತ್ತರದ ವ್ಯತ್ಯಾಸವಿದೆ. ಇದು ತುಸಿಸ್‌ನಿಂದ ಇಟಲಿಯ ಕಿಯಾವೆನ್ನಾವರೆಗಿನ 65 ಕಿಲೋಮೀಟರ್ ಉದ್ದದ 'ವಿಯಾ ಸ್ಪ್ಲುಗಾ' ಎಂಬ ದೀರ್ಘ ಹಾದಿಯ ಭಾಗ. ಕಮರಿಯ ನೆರಳಿನಲ್ಲಿ ಮಂಜುಗಡ್ಡೆ ಬೇಗ ಕರಗದಿರುವುದರಿಂದ ವಸಂತದ ಕೊನೆಯಿಂದ ಶರತ್ಕಾಲದವರೆಗಿನ ಅವಧಿಯೇ ಈ ಭಾಗದ ನಡಿಗೆಗೆ ಸೂಕ್ತ. ಹಣ್ಣಿನ ತೋಟಗಳ ನಡುವಿನ ಉತ್ತರದ ಹಾದಿ ಏಪ್ರಿಲ್‌ನಲ್ಲಿ, ಮರಗಳು ಹೂಬಿಡುವಾಗ, ಹೆಚ್ಚು ಹಿತಕರವಾಗಿರುತ್ತದೆ.